ಮೇಷ್ಟರು ತಿದ್ದಿದ ಪ್ರಬಂಧವನ್ನೇ ಅಮೆರಿಕದ ಕಾಲೇಜು ಯಾಕೆ ಕೇಳುತ್ತದೆ?

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಪಿಸಿಎಂಬಿ. ಹತ್ತನೇ ತರಗತಿಯವರೆಗೆ ಐಸಿಎಸ್‌ಇ. ಪರಿಸರ ಎಂಜಿನಿಯರಿಂಗ್ ಕಡೆ ಒಲವು, ಅಮೆರಿಕದಲ್ಲಿ ಪದವಿ ಮಾಡುವ ಆಸೆ. ಪೂರ್ತಿ ಖರ್ಚು ಹಾಕುವ ಶಕ್ತಿ ನಮಗಿಲ್ಲ, ಹಾಗಾಗಿ ಪ್ರಿನ್ಸ್‌ಟನ್, ಆಮ್ಹರ್ಸ್ಟ್ ಸೇರಿದಂತೆ ನೆರವು ಕೊಡುವ ನಾಲ್ಕೈದು ಕಡೆ ಮಾತ್ರ ಅರ್ಜಿ ಹಾಕುತ್ತಿದ್ದಾಳೆ. ಪ್ರಿನ್ಸ್‌ಟನ್‌ನವರು ಮೇಷ್ಟರು ತಿದ್ದಿ ಅಂಕ ಕೊಟ್ಟ ಪ್ರಬಂಧ ಬೇಕೆನ್ನುತ್ತಾರೆ. ನಮ್ಮ ಪಿಯು ಕಾಲೇಜಿನಲ್ಲಿ ಅಂಥದ್ದನ್ನು ಯಾರು ಬರೆಸುತ್ತಾರೆ? ಹೊಸದಾಗಿ ಒಂದನ್ನು ಚೆನ್ನಾಗಿ ಟೈಪ್ ಮಾಡಿಸಿ ಲೆಕ್ಚರರ್ ಹತ್ತಿರ ಅಂಕ ಹಾಕಿಸಿಕೊಳ್ಳಬಹುದೇ? ಅವಳ ಕನ್ನಡ ಕಥೆಯೊಂದಕ್ಕೆ ಜಿಲ್ಲಾ ಮಟ್ಟದಲ್ಲಿ ಬಹುಮಾನ ಬಂದಿದೆ. ಅದನ್ನೇ ಅನುವಾದಿಸಿ ಕಳಿಸಿದರೆ? ಒಂದೊಂದು ಕಾಲೇಜೂ ಬೇರೆಯಾಗಿ ಕೇಳುವ ಸಪ್ಲಿಮೆಂಟ್ ಪ್ರಬಂಧಗಳಿಗೆ ನನ್ನ ಅಣ್ಣನ ಮಗ ತನ್ನ ಎಂಎಸ್‌ನ ಎಸ್‌ಒಪಿ (ಓದಿನ ಉದ್ದೇಶ ಹೇಳುವ ಬರಹ) ಕಳಿಸಿದ್ದಾನೆ, ಅದೇ ಮಾದರಿ ಸಾಕೇ? ಒಂದು ಕನ್ಸಲ್ಟೆನ್ಸಿಯವರು ‘ಎಲ್ಲ ನಾವೇ ನೋಡಿಕೊಳ್ಳುತ್ತೇವೆ’ ಅನ್ನುತ್ತಿದ್ದಾರೆ.

ಉತ್ತರ: ಟೈಪ್ ಮಾಡಿಸಿ ಅಂಕ ಹಾಕಿಸಿಕೊಳ್ಳುವ ಯೋಚನೆಯನ್ನು ಮೊದಲು ಬಿಡಿ. ಅದು ತಪ್ಪು ಅನ್ನುವುದು ಒಂದು ಮಾತಾಯಿತು. ಅದರಿಂದ ಲಾಭವೂ ಇಲ್ಲ ಅನ್ನುವುದು ಇನ್ನೊಂದು. ಆ ಕಾಲೇಜು ಈ ಕಾಗದವನ್ನು ಯಾಕೆ ಕೇಳುತ್ತಿದೆ ಎಂದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಅರ್ಧ ತಾವಾಗಿಯೇ ಬಗೆಹರಿಯುತ್ತವೆ.

2018ರವರೆಗೆ ಪ್ರಿನ್ಸ್‌ಟನ್, ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಜೊತೆಗಿದ್ದ ಐಚ್ಛಿಕ ಬರವಣಿಗೆ ವಿಭಾಗವನ್ನೂ ವಿದ್ಯಾರ್ಥಿಗಳು ಬರೆಯಬೇಕೆಂದು ಕೇಳುತ್ತಿತ್ತು. ಅದಕ್ಕೆ ಬೇರೆ ಶುಲ್ಕ, ಎಲ್ಲ ಊರಲ್ಲೂ ಸಿಗದ ಅನುಕೂಲ. ಆ ವರ್ಷ ಅದನ್ನು ಕೈಬಿಟ್ಟು, ಬದಲಿಗೆ ಶಾಲೆಯಲ್ಲಿ ಈಗಾಗಲೇ ಬರೆದು ತಿದ್ದಿಸಿಕೊಂಡ ಒಂದು ಪ್ರಬಂಧ ಕಳಿಸಿ ಎಂದಿತು. ಹೊಸ ಖರ್ಚಿಲ್ಲ, ಹೊಸ ಪರೀಕ್ಷೆಯಿಲ್ಲ. ಅವರಿಗೆ ಬೇಕಾದದ್ದು ಒಂದು ಸಾಧಾರಣ ಮಂಗಳವಾರ ತರಗತಿಗಾಗಿ ಈ ಹುಡುಗಿ ಏನು ಬರೆದಳು, ಅವಳ ಮೇಷ್ಟರು ಅದನ್ನು ಹೇಗೆ ಓದಿದರು ಅನ್ನುವುದು. ಕಾಮನ್ ಆ್ಯಪ್‌ನ, ಅಂದರೆ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣದ, 650 ಪದಗಳ ಮುಖ್ಯ ಪ್ರಬಂಧದ ಮೇಲೆ ಅಪ್ಪ, ಅಮ್ಮ, ಅಕ್ಕ, ಟ್ಯೂಷನ್ ಸರ್, ಈಗ ಕಂಪ್ಯೂಟರ್ ಸಹ, ಎಲ್ಲರ ಕೈ ಬಿದ್ದಿರುತ್ತದೆ ಎಂದು ಓದುವವರಿಗೆ ಗೊತ್ತು. ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ ಅರ್ಜಿಯ ಪ್ರಬಂಧಕ್ಕೆ ಅಂಕ ಕೊಡುವ ಪದ್ಧತಿಯನ್ನೇ ನಿಲ್ಲಿಸಿತು. ಎಐ ಮತ್ತು ಬಾಡಿಗೆ ಸಲಹೆಗಾರರು ಹೆಚ್ಚಿದ್ದು ಅದಕ್ಕೆ ಹೇಳಿದ ಕಾರಣಗಳಲ್ಲಿ ಸೇರಿತ್ತು. ಇಂಥ ಹೊತ್ತಿನಲ್ಲಿ, ಅರ್ಜಿಯ ನೆನಪೇ ಇಲ್ಲದೆ ಬರೆದ ಎರಡು ಪುಟಕ್ಕೆ ಬೆಲೆ ಏರಿದೆ. ಅದನ್ನು ಹೊಸದಾಗಿ ತಯಾರಿಸಿ, ಇಸ್ತ್ರಿ ಹಾಕಿ ಕಳಿಸಿದರೆ ಅದರ ಸತ್ವವನ್ನೇ ತೆಗೆದಂತಾಯಿತು.

ಹಾಗಾದರೆ ನಿಖರವಾಗಿ ಏನು ಬೇಕು? ಪ್ರಿನ್ಸ್‌ಟನ್ ಕೇಳುವುದು ಪ್ರೌಢಶಿಕ್ಷಣದ ಕೊನೆಯ ಮೂರು ವರ್ಷಗಳಲ್ಲಿ, ಸಾಧ್ಯವಾದರೆ ಇಂಗ್ಲಿಷ್, ಇತಿಹಾಸ ಅಥವಾ ಸಮಾಜ ವಿಜ್ಞಾನದ ತರಗತಿಗಾಗಿ ಬರೆದ ಪ್ರಬಂಧ. ಕಥೆ, ಕವನ ಬೇಡ. ವಿಷಯವನ್ನು ವಿವರಿಸುವ, ವಾದ ಮಾಡುವ ಬರಹ ಬೇಕು. ಒಂದೆರಡು ಪುಟವಿದ್ದರೆ ಅವರಿಗೆ ಇಷ್ಟ. ಅದರ ಮೇಲೆ ಮೇಷ್ಟರು ಕೊಟ್ಟ ಅಂಕ ಇರಬೇಕು, ಷರಾ ಇದ್ದರೆ ಇನ್ನೂ ಒಳ್ಳೆಯದು. ಅಂಕ ಹಂಚುವ ಕೋಷ್ಟಕ, ಅಂದರೆ ರೂಬ್ರಿಕ್ ಇದ್ದರೆ ಅದನ್ನೂ ಸೇರಿಸಬಹುದು.

ಆಮ್ಹರ್ಸ್ಟ್‌ನ ಕಥೆ ಬೇರೆ. ಅಲ್ಲಿ ಇದು ಕಡ್ಡಾಯವಲ್ಲ, ಆಯ್ಕೆ. ಅವರು ಕೊಟ್ಟ ಪ್ರಶ್ನೆಗಳಲ್ಲಿ ಒಂದಕ್ಕೆ ಚಿಕ್ಕ ಪ್ರಬಂಧ ಬರೆಯಬಹುದು, ಅಥವಾ ಕೊನೆಯ ಎರಡು ವರ್ಷಗಳ ಒಂದು ಗ್ರೇಡೆಡ್ ಪೇಪರ್, ಅಂದರೆ ಮೇಷ್ಟರು ತಿದ್ದಿ ಅಂಕ ಕೊಟ್ಟ ಪ್ರಬಂಧ, ಕೊಡಬಹುದು. ನಿಮ್ಮ ಮಗಳ ಲೆಕ್ಕದಲ್ಲಿ ಅದು ಮೊದಲ ಮತ್ತು ದ್ವಿತೀಯ ಪಿಯುಸಿ. ಬಿಗಿಯಾಗಿ ಕಟ್ಟಿದ ವಾದ ಇರಬೇಕು, ಸಾಹಿತ್ಯದ, ಸಮಾಜದ ಅಥವಾ ಚರಿತ್ರೆಯ ಆಧಾರ ಇರಬೇಕು ಎನ್ನುತ್ತಾರೆ. ಲ್ಯಾಬ್ ರಿಪೋರ್ಟ್, ದಿನಚರಿ, ಸೃಜನಶೀಲ ಬರಹ, ತರಗತಿಯಲ್ಲೇ ಕೂತು ಬರೆದ ಪರೀಕ್ಷಾ ಪ್ರಬಂಧ ಇವನ್ನೆಲ್ಲ ಸ್ಪಷ್ಟವಾಗಿ ಬೇಡ ಅಂದಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಆಮ್ಹರ್ಸ್ಟ್‌ಗೆ ನಿಮ್ಮ ಮಗಳು ಪ್ರಶ್ನೆಗೆ ಉತ್ತರ ಬರೆಯುವ ದಾರಿಯನ್ನೇ ಹಿಡಿಯಲಿ. ಅಮೆರಿಕದ ಶಾಲೆಯಲ್ಲಿ ಇಡೀ ವರ್ಷ ಪೇಪರ್ ಬರೆದವರ ಜೊತೆ ಅದೇ ಕಣದಲ್ಲಿ ನಿಲ್ಲಬೇಕಾದ ಒತ್ತಾಯ ಅಲ್ಲಿಲ್ಲ. ಈ ನಿಯಮಗಳು, ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುತ್ತವೆ. ಕಾಮನ್ ಆ್ಯಪ್ ಪ್ರತಿ ಆಗಸ್ಟ್ 1ಕ್ಕೆ ಹೊಸದಾಗಿ ತೆರೆಯುತ್ತದೆ. ಈ ಸಾಲಿನ ಪುಟವನ್ನು ಮಗಳೇ ತೆರೆದು ಓದಲಿ, ಸೀನಿಯರ್ ಕಳಿಸಿದ ಹಳೆಯ ಪಿಡಿಎಫ್ ನಂಬಬೇಡಿ.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರೋಣ. ಪಿಯು ಕಾಲೇಜಿನಲ್ಲಿ ಪ್ರಬಂಧ ಎಲ್ಲಿಂದ ತರುವುದು? ಒಂದು ಸೆಕ್ಷನ್‌ನಲ್ಲಿ ನೂರರ ಹತ್ತಿರ ಮಕ್ಕಳು, ಸಿಇಟಿ, ನೀಟ್ ಕೋಚಿಂಗ್ ಬೆಳಗ್ಗೆಯೇ ಶುರು, ಇಂಗ್ಲಿಷ್ ಪೀರಿಯಡ್ ಎಂದರೆ ನೋಟ್ಸ್ ಬರೆದುಕೊಳ್ಳುವ ಹೊತ್ತು. ಇದನ್ನು ನಾಚಿಕೆಯ ಸಂಗತಿ ಅಂದುಕೊಳ್ಳಬೇಕಿಲ್ಲ. ಅರ್ಜಿ ಓದುವವರಲ್ಲಿ ಭಾರತದ ಶಾಲೆಗಳ ಪರಿಚಯ ಇರುವವರು ಇರುತ್ತಾರೆ. ರಾಜ್ಯ ಬೋರ್ಡಿನ ಮಕ್ಕಳ ಕಡತದಲ್ಲಿ ಹದಿನೈದು ಪುಟದ ಸಂಶೋಧನಾ ಪ್ರಬಂಧವನ್ನು ಅವರು ನಿರೀಕ್ಷಿಸುವುದಿಲ್ಲ.

ಮೊದಲು ಅಟ್ಟ ಹುಡುಕಿಸಿ. ಹತ್ತನೇ ತರಗತಿಯವರೆಗೆ ಐಸಿಎಸ್‌ಇ ಅಂದಿರಿ. ಅಲ್ಲಿ ಇತಿಹಾಸ, ಪೌರನೀತಿ, ಭೂಗೋಳ, ಇಂಗ್ಲಿಷ್ ಎಲ್ಲಕ್ಕೂ 20 ಅಂಕದ ಆಂತರಿಕ ಮೌಲ್ಯಮಾಪನ ಇರುತ್ತದೆ, ಪ್ರಾಜೆಕ್ಟ್ ಫೈಲ್ ಮಾಡಿಸಿರುತ್ತಾರೆ. ಪ್ರಿನ್ಸ್‌ಟನ್‌ನ ಮೂರು ವರ್ಷದ ಲೆಕ್ಕಕ್ಕೆ ಹತ್ತನೇ ತರಗತಿಯೂ ಸೇರುತ್ತದೆ. ಫೈಲು ವಾಪಸ್ ಕೊಟ್ಟಿದ್ದರೆ ಮನೆಯಲ್ಲೇ ಇದ್ದೀತು, ಇಲ್ಲದಿದ್ದರೆ ಶಾಲೆಯ ಟೀಚರ್‌ಗೆ ಒಂದು ಫೋನ್. ಆದರೆ ಒಂದು ಎಚ್ಚರ: ಅಂಟಿಸಿದ ಚಿತ್ರ, ಬಣ್ಣದ ಹೆಡ್ಡಿಂಗ್, ಇಂಟರ್‌ನೆಟ್‌ನಿಂದ ಇಳಿಸಿದ ಪ್ಯಾರಾಗಳ ಪ್ರಾಜೆಕ್ಟ್ ಇದಕ್ಕೆ ಆಗುವುದಿಲ್ಲ. ಅದಕ್ಕಿಂತ ಒಂಬತ್ತು ಸಾಲಿನ ಷರಾ ಇರುವ, ಕೈಬರಹದ ಎರಡು ಪುಟದ ಇಂಗ್ಲಿಷ್ ಪ್ರಬಂಧ ಎಷ್ಟೋ ಮೇಲು.

ಅಲ್ಲಿ ಸಿಗದಿದ್ದರೆ ಪಿಯು ಕಡೆ ನೋಡಿ. 2023–24ರಿಂದ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೆ, ಭಾಷೆಗಳೂ ಸೇರಿ, ಪಿಯುನಲ್ಲಿ 80 ಅಂಕದ ಲಿಖಿತ ಪರೀಕ್ಷೆ ಮತ್ತು 20 ಅಂಕದ ಆಂತರಿಕ ಮೌಲ್ಯಮಾಪನ ಬಂದಿದೆ. ಅಂದರೆ ಇಂಗ್ಲಿಷ್ ಲೆಕ್ಚರರ್ ಹೇಗೂ ಪ್ರಾಜೆಕ್ಟ್ ಅಥವಾ ಅಸೈನ್‌ಮೆಂಟ್ ಬರೆಸಲೇಬೇಕು. ಬಹಳ ಕಡೆ ಅದು ಶಾಸ್ತ್ರಕ್ಕೆ ನಡೆಯುತ್ತದೆ ಅನ್ನುವುದು ನನಗೂ ಗೊತ್ತು. ಆದರೂ ಇದೇ ನಿಮ್ಮ ಮಗಳಿಗಿರುವ ನೇರ ಬಾಗಿಲು. ಅವಳು ಲೆಕ್ಚರರ್ ಬಳಿ ಹೋಗಿ, ‘ಸರ್, ಈ ಸಲದ ಅಸೈನ್‌ಮೆಂಟನ್ನು ನಾನು ಎರಡು ಪುಟದ ವಾದದ ರೂಪದಲ್ಲಿ ಬರೆಯುತ್ತೇನೆ. ನೀವು ಎಲ್ಲರಿಗೂ ಹಾಕುವ ಹಾಗೆ ಅಂಕ ಹಾಕಿ, ಎಲ್ಲಿ ಸರಿಯಿಲ್ಲವೋ ಅಲ್ಲಿ ಬರೆಯಿರಿ. ಇದನ್ನು ಅರ್ಜಿಯ ಜೊತೆ ಕಳಿಸುತ್ತೇನೆ’ ಎಂದು ಮುಚ್ಚುಮರೆಯಿಲ್ಲದೆ ಕೇಳಬಹುದು. ನೀವು ಅಂದುಕೊಂಡದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅನ್ನಬಹುದು. ಇದು ನಿಜವಾದ ತರಗತಿಯ ನಿಜವಾದ ಕೆಲಸ, ಅಂಕ ಕಾಲೇಜಿನ ಲೆಕ್ಕಕ್ಕೆ ಸೇರುತ್ತದೆ, ತಿದ್ದಿದವರು ಅವಳಿಗೆ ಪಾಠ ಮಾಡುವವರು. ಹಿಂದಿನ ತಾರೀಖು ಹಾಕಿ, ಹತ್ತಕ್ಕೆ ಹತ್ತು ಬರೆಸಿಕೊಂಡು ಬಂದ ಕಾಗದ ಅದಲ್ಲ. ಇಷ್ಟೂ ಆಗದಿದ್ದರೆ ಪ್ರವೇಶ ಕಚೇರಿಗೆ ನಾಲ್ಕು ಸಾಲಿನ ಇ-ಮೇಲ್ ಮಾಡಿ: ನಮ್ಮ ಕಾಲೇಜಿನಲ್ಲಿ ಇಂಥ ಪ್ರಬಂಧ ಬರೆಸುವುದಿಲ್ಲ, ನನ್ನ ಬಳಿ ಇಂತಿಂಥದ್ದಿದೆ, ಯಾವುದು ಕಳಿಸಲಿ ಎಂದು. ಇಂಥ ಪ್ರಶ್ನೆ ಕೇಳಿದ್ದಕ್ಕೆ ಯಾರ ಅರ್ಜಿಗೂ ಪೆಟ್ಟು ಬೀಳುವುದಿಲ್ಲ. ಆ ಮೇಲ್ ಮಗಳ ಹೆಸರಿನಲ್ಲಿ, ಅವಳೇ ಬರೆದದ್ದಾಗಿರಲಿ.

ಏನು ಬರೆಯುವುದು ಅನ್ನುವಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ಮಕ್ಕಳು ಎಡವುವುದೇ ಇಲ್ಲಿ. ಇಂಗ್ಲಿಷ್ ವ್ಯಾಕರಣ ಚೆನ್ನಾಗಿರುತ್ತದೆ, ಅಕ್ಷರ ದುಂಡಗಿರುತ್ತದೆ, ಆದರೆ ಬರೆದದ್ದು ಆರು ಅಂಕದ ಉತ್ತರದಂತಿರುತ್ತದೆ. ಪೀಠಿಕೆ, ಐದು ಅಂಶ, ಉಪಸಂಹಾರ. ಪರೀಕ್ಷೆಗೆ ಅದು ಸರಿ. ಇಲ್ಲಿ ಬೇಕಾದದ್ದು ಒಂದು ನಿಲುವು. ಉದಾಹರಣೆಗೆ, ಪರಿಸರದ ಕಡೆ ಒಲವಿರುವ ಮೈಸೂರಿನ ಹುಡುಗಿ 1924ರ ಕಾವೇರಿ ಒಪ್ಪಂದದ ಬಗ್ಗೆ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ. ನೋಟ್ಸ್ ಶೈಲಿಯ ಪ್ರಬಂಧ ಹೀಗೆ ಸಾಗುತ್ತದೆ: ಕಾವೇರಿ ಕೊಡಗಿನಲ್ಲಿ ಹುಟ್ಟುತ್ತದೆ, ಮದ್ರಾಸು ಮತ್ತು ಮೈಸೂರಿನ ನಡುವೆ ಒಪ್ಪಂದ ಆಯಿತು, ಅದರ ಕೆಲವು ಷರತ್ತುಗಳು 50 ವರ್ಷಕ್ಕೆ ಅನ್ವಯ, ನೀರು ಅಮೂಲ್ಯ, ನಾವೆಲ್ಲ ಉಳಿಸಬೇಕು. ಇದರಲ್ಲಿ ಸುಳ್ಳಿಲ್ಲ, ಹುಡುಗಿಯೂ ಇಲ್ಲ. ಇನ್ನೊಂದು ಬಗೆ: ‘1924ರ ಒಪ್ಪಂದದಿಂದ ಮೈಸೂರು ಬರೀ ಕಳೆದುಕೊಂಡಿತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ’ ಎಂದು ಶುರುವಾಗುತ್ತದೆ. ಕನ್ನಂಬಾಡಿಯಲ್ಲಿ 1911ರಲ್ಲೇ ಕೆಲಸ ಆರಂಭವಾಗಿದ್ದರೂ ಅಣೆಕಟ್ಟನ್ನು ಬೇಕಾದ ಎತ್ತರಕ್ಕೆ ಕಟ್ಟಲು ಮದ್ರಾಸಿನ ಒಪ್ಪಿಗೆ ಬೇಕಿತ್ತು, ಒಪ್ಪಂದ ಆ ದಾರಿಯನ್ನು ತೆರೆಯಿತು, ಅದಕ್ಕೆ ಪ್ರತಿಯಾಗಿ ನೀರಾವರಿ ವಿಸ್ತರಣೆಗೆ ಮಿತಿ ಬಿತ್ತು. ಈ ಕೊಡುಕೊಳ್ಳುವಿಕೆಯಲ್ಲಿ ಯಾವುದು ಭಾರ ಎಂದು ತೂಗುತ್ತಾಳೆ, ಎದುರು ಪಕ್ಷದ ಅತಿ ಬಲವಾದ ವಾದವನ್ನೇ ಎತ್ತಿಕೊಂಡು ಉತ್ತರಿಸುತ್ತಾಳೆ. ನೀವು ಅವಳ ನಿಲುವನ್ನು ಒಪ್ಪದಿರಬಹುದು, ಮಂಡ್ಯದ ನನ್ನ ಸ್ನೇಹಿತರಂತೂ ಖಂಡಿತ ಒಪ್ಪುವುದಿಲ್ಲ. ಆದರೆ ಅವಳು ಹೇಗೆ ಯೋಚಿಸುತ್ತಾಳೆ ಅನ್ನುವುದು ಎರಡೇ ಪುಟದಲ್ಲಿ ಕಂಡಿತು.

ಇದಕ್ಕೆ ಲೆಕ್ಚರರ್ 20ಕ್ಕೆ 14 ಕೊಟ್ಟು, ‘ಅಂಕಿ ಎಲ್ಲಿಂದ ತಂದೆ? ಮೂರನೇ ಪ್ಯಾರಾ ತೇಲಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆದರೆ, ಅದನ್ನೇ ಕಳಿಸಿ. 19 ಬಂದು ಬರೀ ಟಿಕ್ ಮಾರ್ಕ್ ಇರುವ ಹಾಳೆಗಿಂತ ನಾನು ಅದನ್ನೇ ಆರಿಸುತ್ತೇನೆ. ಅಂಕ ನೋಡುವುದಕ್ಕೆ ಅವರ ಬಳಿ ಅಂಕಪಟ್ಟಿ ಇದ್ದೇ ಇರುತ್ತದೆ. ತಿದ್ದಿದ ಮೇಲೆ ತಪ್ಪು ಸರಿಪಡಿಸಿ ಹೊಸ ಪ್ರತಿ ಮಾಡಬಾರದು. ಷರಾ ಒಂದು ಕಡೆ, ಪಠ್ಯ ಇನ್ನೊಂದು ಕಡೆ ಆಗುತ್ತದೆ. ಮೂಲ ಹಾಳೆಯನ್ನೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿ. ಫೋನಿನ ಸ್ಕ್ಯಾನರ್ ಆ್ಯಪ್ ಸಾಕು, ಬೆರಳಿನ ನೆರಳು ಬೀಳದಿರಲಿ. ತಲೆಯ ಮೇಲೆ ಹೆಸರು, ವಿಷಯ, ತರಗತಿ, ತಾರೀಖು. ಕೈಬರಹ ಓದಲು ಕಷ್ಟವಾದರೆ ಟೈಪ್ ಮಾಡಿದ ಪ್ರತಿಯನ್ನು ಅದರ ಹಿಂದೆ ಇಡಬಹುದು, ಆದರೆ ಅಕ್ಷರಶಃ ಅದೇ ಇರಬೇಕು, ಕಾಗುಣಿತದ ತಪ್ಪೂ ಸೇರಿ.

ಬಹುಮಾನ ಬಂದ ಕನ್ನಡ ಕಥೆ. ಗ್ರೇಡೆಡ್ ಪೇಪರ್ ಜಾಗದಲ್ಲಿ ಅದು ಕೂರುವುದಿಲ್ಲ. ಕಥೆ ಅನ್ನುವುದೇ ಅಲ್ಲಿ ನಿಷಿದ್ಧ. ಹಾಗೆಂದು ಮೂಲೆಗೆ ಹಾಕಬೇಕಿಲ್ಲ. ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗಳಿಗೆ 10 ಜಾಗ, ಗೌರವಗಳಿಗೆ 5 ಜಾಗ ಇವೆ. ಬಹುಮಾನ ಗೌರವಗಳ ಜಾಗಕ್ಕೆ, ಕನ್ನಡದಲ್ಲಿ ಬರೆಯುವ ಹವ್ಯಾಸ ಚಟುವಟಿಕೆಗಳ ಜಾಗಕ್ಕೆ. ಚಟುವಟಿಕೆಯ ವಿವರಣೆಗೆ 150 ಅಕ್ಷರವಷ್ಟೇ ಸಿಗುತ್ತದೆ, ಪದವಲ್ಲ, ಅಕ್ಷರ. ‘ಹಳೇ ಮೈಸೂರಿನ ಆಡುಮಾತಿನಲ್ಲಿ ಕಥೆ ಬರೆಯುತ್ತೇನೆ’ ಅಂದರೆ ಸಾಕು, ‘ಉದಯೋನ್ಮುಖ ಸಾಹಿತಿ’ ಬೇಡ. ಕೆಲವು ಕಾಲೇಜುಗಳು, ಪ್ರಿನ್ಸ್‌ಟನ್ ಸಹ, ಸಂಗೀತ, ನೃತ್ಯ, ಚಿತ್ರಕಲೆಯ ಜೊತೆ ಸೃಜನಶೀಲ ಬರವಣಿಗೆಗೂ ಪ್ರತ್ಯೇಕ ಕಲಾ ಸಪ್ಲಿಮೆಂಟ್ ಇಟ್ಟಿವೆ. ಅದು ಐಚ್ಛಿಕ. ಕಥೆ ನಿಜಕ್ಕೂ ತೂಕದ್ದಾಗಿದ್ದು, ಮಗಳೇ ಇಂಗ್ಲಿಷಿಗೆ ತರಬಲ್ಲಳಾದರೆ ಮಾತ್ರ ಆ ಕಡೆ ಯೋಚಿಸಿ. ಬೇರೆಯವರು ಅನುವಾದಿಸಿದರೆ ಅದು ಅವರ ಬರಹದ ಮಾದರಿಯಾಯಿತೇ ಹೊರತು ಅವಳದಲ್ಲ. ಕಳಿಸಲೇಬೇಕೆಂದಿದ್ದರೆ ಅನುವಾದಕರು ಯಾರೆಂದು ಹೇಳಲೇಬೇಕು. ಇದರ ಹೊರತಾಗಿ ಕೇಳದೆ ಇರುವ ಯಾವುದನ್ನೂ ಕಳಿಸಬೇಡಿ. ಪ್ರಮಾಣಪತ್ರಗಳ ಕಟ್ಟು, ಪತ್ರಿಕೆಯ ತುಣುಕು, ಶಾಸಕರ ಶಿಫಾರಸು ಪತ್ರ, ಯಾವುದೂ ಬೇಡ. ನಮ್ಮಲ್ಲಿ ಫೈಲ್ ದಪ್ಪಗಿದ್ದರೆ ಗೌರವ ಅನ್ನುವ ಭಾವನೆ ಇದೆ. ಅಲ್ಲಿ ಅದು ಓದುವವರ ತಾಳ್ಮೆಯನ್ನು ತಿನ್ನುತ್ತದೆ.

ನಿಮ್ಮ ಅಣ್ಣನ ಮಗ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದಾನೆ, ಆದರೆ ಆ ಎಸ್‌ಒಪಿಯನ್ನು ಮಗಳಿಗೆ ತೋರಿಸಲೂ ಬೇಡಿ. ಎಂಎಸ್ ಅರ್ಜಿಯ ಎಸ್‌ಒಪಿ ಒಂದು ವಿಭಾಗದ ಪ್ರಾಧ್ಯಾಪಕರಿಗೆ ಬರೆದದ್ದು: ಯಾವ ಪ್ರಾಜೆಕ್ಟ್ ಮಾಡಿದೆ, ಯಾವ ಲ್ಯಾಬ್ ಬೇಕು, ಮುಂದೇನು. ಪದವಿಯ ಸಪ್ಲಿಮೆಂಟ್‌ಗಳು ಹದಿನೇಳರ ಹುಡುಗಿಯೊಬ್ಬಳನ್ನು ಹಾಸ್ಟೆಲ್ ಕೋಣೆಯಲ್ಲಿ, ಊಟದ ಮೇಜಿನಲ್ಲಿ, ಹನ್ನೆರಡು ಜನರ ಸೆಮಿನಾರಿನಲ್ಲಿ ಕಲ್ಪಿಸಿಕೊಳ್ಳಲು ಕೇಳುವ ಪ್ರಶ್ನೆಗಳು. ಪ್ರಿನ್ಸ್‌ಟನ್‌ನದ್ದನ್ನೇ ನೋಡಿ. ಇತ್ತೀಚಿನ ವರ್ಷಗಳಲ್ಲಿ ಓದಿನ ಆಸಕ್ತಿಯ ಬಗ್ಗೆ 250 ಪದ. ನಿನ್ನ ಬದುಕಿನ ಅನುಭವ ಸಹಪಾಠಿಗಳಿಗೆ ಏನು ಕಲಿಸೀತು ಎಂಬುದಕ್ಕೆ 500 ಪದ. ಸೇವೆಯ ಬಗ್ಗೆ 250. ಆಮೇಲೆ ತಲಾ 50 ಪದದ ಮೂರು ಪುಟ್ಟ ಪ್ರಶ್ನೆಗಳು, ನಿನಗೆ ಖುಷಿ ಕೊಡುವುದು ಏನು ಅನ್ನುವಂಥವು. ಸ್ಟ್ಯಾನ್‌ಫರ್ಡ್ ಮುಂದಿನ ರೂಮ್‌ಮೇಟ್‌ಗೆ ಪತ್ರ ಬರೆಯಿಸುತ್ತದೆ. ಶಿಕಾಗೊ ವಿಶ್ವವಿದ್ಯಾಲಯ ವಿಚಿತ್ರ ಪ್ರಶ್ನೆಗಳಿಗೇ ಹೆಸರುವಾಸಿ. ‘ಬಾಲ್ಯದಿಂದಲೂ ನನಗೆ ಪರಿಸರದ ಬಗ್ಗೆ ಅಪಾರ ಕಾಳಜಿ’ ಎಂಬ ಎಸ್‌ಒಪಿ ವಾಕ್ಯ ಇಲ್ಲೆಲ್ಲ ಸತ್ತುಬೀಳುತ್ತದೆ. ಬೇಸಿಗೆಯಲ್ಲಿ ಮನೆಗೆ ಬಂದ ಟ್ಯಾಂಕರ್ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶ, ಅಳೆದು ಅಡುಗೆಮನೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಳೇ? ಅಜ್ಜಿಗೆ ಆ ಅಂಕಿಯ ಅರ್ಥ ಹೇಳಲು ಹೋಗಿ ಸೋತಿದ್ದಳೇ? ಆ ಬಗೆಯದ್ದು ನಿಜವಾಗಿ ನಡೆದಿದ್ದರೆ 250 ಪದಕ್ಕೆ ಬೇಕಾದಷ್ಟಾಯಿತು.

500 ಪದದ ಆ ಅನುಭವದ ಪ್ರಶ್ನೆಯ ಬಗ್ಗೆ ಒಂದು ಮಾತು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. ಆದರೆ ಅಭ್ಯರ್ಥಿ ತನ್ನ ಬದುಕಿನ ಮೇಲೆ ಜನಾಂಗದ ಪರಿಣಾಮವನ್ನು ತಾನೇ ಬರೆದರೆ ಓದಬಹುದು ಎಂದಿತು. ಆಮೇಲೆ ಬಹಳ ಕಾಲೇಜುಗಳು ಹಿನ್ನೆಲೆ, ಸಮುದಾಯ, ಅನುಭವದ ಪ್ರಶ್ನೆಗಳನ್ನು ಸೇರಿಸಿದವು ಅಥವಾ ಬದಲಿಸಿದವು. ನಮ್ಮವರು ಇದನ್ನು ‘ಕಷ್ಟದ ಕಥೆ ಹೇಳಿ’ ಎಂದು ಓದಿಕೊಂಡು, ಇಲ್ಲದ ಬಡತನ ತರುತ್ತಾರೆ, ಇರುವ ಅಜ್ಜನ ಕಾಯಿಲೆಯನ್ನು ಹಿಗ್ಗಿಸುತ್ತಾರೆ. ಬೇಕಿಲ್ಲ. ಐಸಿಎಸ್‌ಇ ಶಾಲೆಯಿಂದ ಪಿಯು ಕಾಲೇಜಿಗೆ ಬಂದು, ಕನ್ನಡ ಮಾಧ್ಯಮದಿಂದ ಬಂದ ಬೆಂಚ್‌ಮೇಟ್ ಜೊತೆ ಫಿಸಿಕ್ಸ್ ನೋಟ್ಸನ್ನು ಎರಡು ಭಾಷೆಯಲ್ಲಿ ಹಂಚಿಕೊಂಡದ್ದೂ ಅನುಭವವೇ.

ಕನ್ಸಲ್ಟೆನ್ಸಿ ವಿಷಯ. ‘ನೋಡಿಕೊಳ್ಳುತ್ತೇವೆ’ ಅಂದರೆ ಗಡುವು ನೆನಪಿಸುವುದು, ಕಾಲೇಜುಗಳ ಪಟ್ಟಿ ಮಾಡಲು ನೆರವಾಗುವುದು, ಕರಡು ಓದಿ ಪ್ರಶ್ನೆ ಕೇಳುವುದು ಎಂದಾದರೆ ತಕರಾರಿಲ್ಲ. ಬರೆದುಕೊಡುತ್ತೇವೆ ಎಂದರ್ಥವಾದರೆ ಅಲ್ಲಿಂದ ಎದ್ದು ಬನ್ನಿ. ಅರ್ಜಿಯ ಕೊನೆಗೆ ಇದೆಲ್ಲ ನನ್ನದೇ ಎಂದು ಸಹಿ ಹಾಕುವುದು ನಿಮ್ಮ ಮಗಳು, ಅವರಲ್ಲ. ಎಐ ಉತ್ಪಾದಿಸಿದ ಬರಹವನ್ನು ತನ್ನದೆಂದು ಕೊಡುವುದನ್ನು ಕಾಮನ್ ಆ್ಯಪ್ 2023ರಿಂದ ತನ್ನ ವಂಚನೆ ನಿಯಮದೊಳಗೇ ಸೇರಿಸಿದೆ. ಸಾಬೀತಾದರೆ ಕೊಟ್ಟ ಸೀಟನ್ನೂ ವಾಪಸ್ ಪಡೆಯಬಹುದು. ಅದಿರಲಿ, ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಡತದಲ್ಲಿ ಅವಳದೇ ಕೈಬರಹದ, ಮೇಷ್ಟರು 14 ಕೊಟ್ಟ ಪ್ರಬಂಧ ಇರುತ್ತದೆ, ಅದರ ಪಕ್ಕದಲ್ಲೇ ಹೊಳೆಯುವ ಬಾಡಿಗೆ ಸಪ್ಲಿಮೆಂಟ್. ಎರಡನ್ನೂ ಒಬ್ಬರೇ, ಒಂದೇ ಸಲ ಕೂತು ಓದುತ್ತಾರೆ. ಎರಡು ದನಿ ಎಂದು ಹಿಡಿಯಲು ಯಂತ್ರ ಬೇಕಿಲ್ಲ. ಆದ್ದರಿಂದ ನಾನು ಹೇಳುವುದು, ಸಪ್ಲಿಮೆಂಟನ್ನು ಹೊರಗಿನವರಲ್ಲಿ ಇಬ್ಬರಿಗೆ ಮಾತ್ರ ಓದಲು ಕೊಡಿ. ಒಬ್ಬರು ಅವಳನ್ನು ಚೆನ್ನಾಗಿ ಬಲ್ಲವರು, ಇನ್ನೊಬ್ಬರು ಅಷ್ಟೇನೂ ಬಲ್ಲದವರು. ಮೊದಲನೆಯವರಿಗೆ ‘ಇದು ಇವಳ ಮಾತಿನ ಹಾಗೇ ಇದೆಯಾ?’ ಎಂದು ಕೇಳಿ. ಎರಡನೆಯವರಿಗೆ ‘ಎಲ್ಲಿ ಅರ್ಥವಾಗಲಿಲ್ಲ?’ ಎಂದು. ಪೆನ್ನು ಇಬ್ಬರ ಕೈಗೂ ಕೊಡಬೇಡಿ.

ನೆರವಿನ ಲೆಕ್ಕದಲ್ಲಿ ನಿಮ್ಮ ಆಯ್ಕೆ ಸರಿಯಾಗಿದೆ. ಪ್ರಿನ್ಸ್‌ಟನ್, ಆಮ್ಹರ್ಸ್ಟ್ ಎರಡೂ ಹೊರದೇಶದವರ ವಿಷಯದಲ್ಲೂ ಹಣದ ಅಗತ್ಯ ನೋಡದೆ ಪ್ರವೇಶ ನಿರ್ಧರಿಸುವ ಕೆಲವೇ ಕಾಲೇಜುಗಳಲ್ಲಿ ಸೇರಿವೆ, ಸೇರಿಸಿಕೊಂಡರೆ ಅಗತ್ಯವಿದ್ದಷ್ಟು ನೆರವನ್ನೂ ಕೊಡುತ್ತವೆ. ಅಂಥ ಕಡೆಯೇ ಸ್ಪರ್ಧೆ ವಿಪರೀತ, ಆದ್ದರಿಂದ ಸಿಇಟಿ ತಯಾರಿ ಬಿಡಿಸಬೇಡಿ. ಒಂದು ಇಕ್ಕಟ್ಟು ಇರುವುದು ಕ್ಯಾಲೆಂಡರಿನಲ್ಲಿ. ಪಿಯು ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಿದರಾಯಿತು ಎಂದು ಕೆಲವರು ಕಾಯುತ್ತಾರೆ. ಅಷ್ಟೊತ್ತಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಪ್ರಿನ್ಸ್‌ಟನ್‌ನ ಬೇಗನೆಯ ಸುತ್ತಿಗೆ ನವೆಂಬರ್ 1, ಸಾಮಾನ್ಯ ಸುತ್ತಿಗೆ ಜನವರಿ 1 ಗಡುವು. ಮಧ್ಯವಾರ್ಷಿಕ ಪರೀಕ್ಷೆ, ದಸರಾ ರಜೆ, ಲೆಕ್ಚರರ್ ಹಾಳೆ ತಿದ್ದುವ ಸಮಯ ಎಲ್ಲ ಲೆಕ್ಕ ಹಾಕಿದರೆ ಅಸೈನ್‌ಮೆಂಟ್ ವಿಷಯವನ್ನು ಈ ತಿಂಗಳೇ ಕೇಳಬೇಕು.

ಪ್ರಿನ್ಸಿಪಾಲರ ಹತ್ತಿರವೂ ಒಂದು ಕೆಲಸವಿದೆ. ಅರ್ಜಿಯ ಜೊತೆ ಶಾಲೆಯ ಪರವಾಗಿ ಹೋಗುವ ವಿವರದಲ್ಲಿ, ನಮ್ಮ ಕಾಲೇಜಿನಲ್ಲಿ ಅಂಕ ಕೊಡುವ ಕ್ರಮ ಇದು, ಭಾಷಾ ಅಸೈನ್‌ಮೆಂಟ್ ಇಷ್ಟು ಅಂಕದ್ದು, ಒಂದು ಸೆಕ್ಷನ್‌ನಲ್ಲಿ ಇಷ್ಟು ಮಕ್ಕಳು ಎಂದು ನಾಲ್ಕು ಸಾಲು ಬರೆಸಿ. 20ಕ್ಕೆ 14 ಎಂದರೆ ಆ ತರಗತಿಯಲ್ಲಿ ಕಡಿಮೆಯೋ ಹೆಚ್ಚೋ ಅನ್ನುವುದು ದೂರದಲ್ಲಿ ಕೂತು ಓದುವವರಿಗೆ ಗೊತ್ತಾಗುವುದು ಅದರಿಂದಲೇ. ಪ್ರಬಂಧವನ್ನು ಕಾಮನ್ ಆ್ಯಪ್‌ನ ಪ್ರಿನ್ಸ್‌ಟನ್ ವಿಭಾಗದಲ್ಲೇ ಅಪ್‌ಲೋಡ್ ಮಾಡಬಹುದು, ಅಥವಾ ಅರ್ಜಿ ಸಲ್ಲಿಸಿದ ಮೇಲೆ ಸಿಗುವ ಅಭ್ಯರ್ಥಿ ಪೋರ್ಟಲ್ ಮೂಲಕ ಕೊಡಬಹುದು. ಪೋರ್ಟಲ್‌ನ ಪಟ್ಟಿಯಲ್ಲಿ ಅದು ತಲುಪಿದೆ ಎಂದು ಕಾಣಿಸಲು ಕೆಲವು ದಿನ ಹಿಡಿಯಬಹುದು. ಅಷ್ಟರಲ್ಲಿ ಗಾಬರಿಯಾಗಿ ಎರಡನೇ ಪ್ರತಿ ಕಳಿಸಬೇಡಿ.